ದೇವರನ್ನು ಜಗಲಿಯಿಂದ ಇಳಿಸಿದರೆ ಅದಕ್ಕೇನು ಹೆಸರು?

ಬಲ್ಲವರಲ್ಲಿ ಒಂದು ಪ್ರಶ್ನೆ. ಮಧ್ಯಯುಗದ ಯುರೋಪಿನ ಮಠಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಠದ ಜಮೀನನ್ನು ಯಾರೋ ಪಾಳೆಯಗಾರ ಕಬಳಿಸಿದ ಅಂದುಕೊಳ್ಳಿ. ಸನ್ಯಾಸಿಗಳು ಶಿಲುಬೆಯನ್ನೂ ಸಂತರ ಅಸ್ಥಿಗಳನ್ನೂ ಕೆಳಗಿಳಿಸಿ, ಒರಟು ಬಟ್ಟೆ ಹಾಸಿದ ನೆಲದ ಮೇಲಿಟ್ಟು, ಮುಳ್ಳು ಹೊದಿಸುತ್ತಿದ್ದರಂತೆ. ಕಾಪಾಡದ ಸಂತನಿಗೆ ಪೀಠ ಯಾಕೆ ಅನ್ನುವ ಸಿಟ್ಟು! 1274ರ ಲಿಯಾನ್ ಧರ್ಮಸಭೆ ಇದನ್ನು ನಿಷೇಧಿಸಿತು.

ಲ್ಯಾಟಿನ್‌ನಲ್ಲಿ ಇದು 'ಹುಮಿಲಿಯಾತಿಯೊ'. ನಿಘಂಟು ನೋಡಿ 'ಅವಮಾನ' ಎಂದು ಬರೆದೆ, ಮನಸ್ಸು ಒಪ್ಪಲಿಲ್ಲ. ಆ ಪದದ ಬೇರಿನಲ್ಲಿರುವುದು 'ಹುಮುಸ್', ಅಂದರೆ ಮಣ್ಣು.

ಜಗಳೂರಿನ ನಮ್ಮ ದೊಡ್ಡವ್ವ ನೆನಪಾದಳು. ಮಗನನ್ನು ಮಣ್ಣು ಮಾಡಿ ಬಂದ ಸಂಜೆ, ಕೊಟ್ಟೂರೇಶ್ವರನ ಫೋಟೊ ಸಮೇತ ಜಗಲಿ ಮೇಲಿದ್ದದ್ದನ್ನೆಲ್ಲ ತೆಗೆದು ಗೋಣಿಚೀಲದ ಮೇಲೆ ಸುರುವಿದಳು. "ನನ್ ಮಗ ಮಣ್ಣಾಗೆ ಮಲಗ್ಯಾನೆ, ನೀನೂ ನೆಲದಾಗೆ ಕುಂತ್ಕ." ಕೊರಳ ಲಿಂಗವನ್ನು ಮಾತ್ರ ಮುಟ್ಟಲಿಲ್ಲ. ಸೋಮವಾರ ದೀಪವನ್ನೂ ಹಚ್ಚಿದಳು, ಅದೇ ಗೋಣಿಚೀಲದ ಮುಂದೆ. ಓಣಿಯವರು "ದೇವ್ರ ಕೂಡ ಜಗಳ ಬಿದ್ದಾಳೆ" ಅಂದರೇ ಹೊರತು ನಿಂದಿಸಿದಳು ಅಂತ ಯಾರೂ ಅನ್ನಲಿಲ್ಲ.

'ದೈವನಿಂದೆ' ಅಂದರೆ ಹಗೆಯವನ ಕೆಲಸವಾಗುತ್ತದೆ. 'ವಿಗ್ರಹಭಂಜನೆ' ನಂಬದವನದು. 'ನಿಂದಾಸ್ತುತಿ' ಕವಿಗಳ ಜಾಣತನ. ಮಗ ಸತ್ತ ಮನೆಯಲ್ಲಿ ಅದಕ್ಕೇನು ಕೆಲಸ? ನನಗೆ ಹತ್ತಿರ ಅನಿಸಿದ್ದು 'ಮುನಿಸು'. ನಮ್ಮ ಮನೆಮಾತಿನಲ್ಲಿ ಮುನಿಸು ತನ್ನವರ ಮೇಲೆ ಮಾತ್ರ. ಆದರೆ ಬಸವಣ್ಣನವರ 'ಮುನಿಯಬೇಡ'ದಲ್ಲಿ ಅಂಥ ಕಟ್ಟಿಲ್ಲ, ಅದು ಯಾರ ಮೇಲಿನ ಕೋಪವೂ ಆದೀತು. ಈ ಅರ್ಥ ಕಿರಿದಾದದ್ದು ಯಾವಾಗಿನಿಂದ? ಅಲ್ಲದೆ ಮುನಿಸು ಮುಖ ತಿರುವಿ ಕೂರುತ್ತದೆ, ಕೈ ಎತ್ತುವುದಿಲ್ಲ.

ಕೈ ಇರುವುದು 'ಹಿಡಿಶಾಪ'ಕ್ಕೆ. ಹಿಡಿ ಮಣ್ಣು ತೂರಿ ಶಪಿಸುವುದನ್ನು ನಾನು ಚಿಕ್ಕವನಿದ್ದಾಗ ಕಂಡಿದ್ದೇನೆ. ಆ 'ಹಿಡಿ' ಬಂದದ್ದು ಅಲ್ಲಿಂದಲೇ ಇರಬಹುದೇ? ಹಾಗಿದ್ದರೆ ಲ್ಯಾಟಿನ್ನಿನ ಮಣ್ಣಿಗೂ ಇದಕ್ಕೂ ಒಳ್ಳೆಯ ಜೋಡಿ, ಆದರೆ ಅರ್ಥ ಹೊಂದದು: ದೊಡ್ಡವ್ವ ಶಪಿಸಲಿಲ್ಲವಲ್ಲ, ಕೆಳಗೆ ಕೂರಿಸಿದಳು.

ಸದ್ಯ 'ನೆಲಕ್ಕಿಳಿಸುವುದು' ಎಂದೇ ಬರೆದಿಟ್ಟಿದ್ದೇನೆ. ಹೊಸದುರ್ಗ, ಹಿರಿಯೂರು, ಚಳ್ಳಕೆರೆ ಕಡೆ ಬೇರೆ ಮಾತಿದ್ದರೆ ತಿಳಿಸಿ. ವ್ಯಾಜ್ಯ ತೀರಿದ ಮೇಲೆ ಅಸ್ಥಿಗಳನ್ನು ಮತ್ತೆ ಮೇಲಿಡುವ ಸಂಗತಿಯೂ ಮುಂದೆ ಬರುತ್ತದೆ. ಅದಕ್ಕೆ 'ಪ್ರತಿಷ್ಠಾಪನೆ' ತೀರಾ ಭಾರವಾಗುತ್ತಿದೆ.