ಕಾರಿನ ಪೇಂಟ್ ಕಾಪಾಡಲು ಸೀಲೆಂಟ್ ಯಾವುದು ಹಾಕಲಿ? ಡೀಟೇಲಿಂಗ್ ಪ್ರಶ್ನೋತ್ತರ

ಪ್ರಶ್ನೆ: ಕಪ್ಪು ಬಣ್ಣದ ಕಾರು. ಹಗಲೆಲ್ಲ ಬಿಸಿಲಲ್ಲೇ ನಿಂತಿರುತ್ತದೆ. ಇಷ್ಟು ದಿನ ವ್ಯಾಕ್ಸ್ ಹಾಕುತ್ತಿದ್ದೆ, ಬೇಗ ಹೋಗಿಬಿಡುತ್ತದೆ. ಪಾಲಿಮರ್ ಸೀಲೆಂಟ್ ಸಾಕಾ, ಸೆರಾಮಿಕ್ ಕೋಟಿಂಗೇ ಬೇಕಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಾರನ್ನು ನಾನೇ ತೊಳೆಯುತ್ತೇನೆ.

ಉತ್ತರ: ಬಹಳ ಜನ ಬರೆಯದೇ ಬಿಡುವ ವಿಷಯವನ್ನು ನೀವು ಕೊನೆಯಲ್ಲಿ ಬರೆದಿದ್ದೀರಿ. ಯಾರು ತೊಳೆಯುತ್ತಾರೆ, ಎಲ್ಲಿ ನಿಲ್ಲುತ್ತದೆ, ಇವೆರಡು ಗೊತ್ತಾದರೆ ಸೀಲೆಂಟ್ ಆರಿಸುವುದು ಅರ್ಧ ಮುಗಿದ ಹಾಗೆ.

ವ್ಯಾಕ್ಸ್ ಬೇಗ ಹೋಗುವುದು ಸಹಜ. ಕಾರ್ನೌಬಾ ಮೇಣ ಕರಗಲು 80 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು, ನಿಜ. ಆದರೆ ಡಬ್ಬಿಯಲ್ಲಿ ಅದರ ಜೊತೆ ಎಣ್ಣೆ, ಮೆತ್ತನೆಯ ಬೇರೆ ಮೇಣಗಳೂ ಬೆರೆತಿರುತ್ತವೆ. ಕಪ್ಪು ಬಾನೆಟ್ ಬಿಸಿಲಲ್ಲಿ ಕಾದಾಗ, ಶಾಂಪೂ ತಾಗಿದಾಗ ಅವು ಬೇಗ ಸವೆಯುತ್ತವೆ. ಪಾಲಿಮರ್ ಸೀಲೆಂಟ್ ಅಂದರೆ ಮೇಣದ ಬದಲು ಹಚ್ಚುವ ಕೃತಕ ರಕ್ಷಣಾ ಪದರ, ಅದು ಪೇಂಟಿಗೆ ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಬಾಳುತ್ತದೆ. ಸೆರಾಮಿಕ್ ಕೋಟಿಂಗ್ ಹಚ್ಚಿದ ಮೇಲೆ ಗಾಜಿನ ಹಾಗೆ ಗಟ್ಟಿಯಾಗುವ ದ್ರವ, ವರ್ಷಗಟ್ಟಲೆ ಇರುತ್ತದೆ, ಆದರೆ ಹಾಕುವಾಗ ತಪ್ಪಿದರೆ ಕಲೆ ಗಟ್ಟಿಯಾಗಿ ಕೂತುಬಿಡುತ್ತದೆ. ಒರೆಸಿದರೆ ಹೋಗುವುದಿಲ್ಲ, ಪಾಲಿಶ್ ಮಾಡಿಯೇ ತೆಗೆಯಬೇಕು.

ನಿಮಗೆ ನನ್ನ ಸಲಹೆ ಪಾಲಿಮರ್ ಸೀಲೆಂಟ್. ಕೈಯಾರೆ ತೊಳೆಯುವವರು ಆರು ತಿಂಗಳಿಗೊಮ್ಮೆ ಹೊಸದಾಗಿ ಹಾಕಿಕೊಳ್ಳುವುದು ಕಷ್ಟವೇನಲ್ಲ. ಕೋಟಿಂಗ್ ಹಾಕಿಸಿ, ಆಮೇಲೆ ಯಾರೋ ಕೊಳಕು ಬಟ್ಟೆಯಲ್ಲಿ ಒರೆಸಿದರೆ ಅದರ ಮೇಲೂ ಗೀರು ಬೀಳುತ್ತದೆ.

ಪ್ರಶ್ನೆ: ಹಾಗಾದರೆ ಕೋಟಿಂಗ್ ಡಬ್ಬಿ ಮೇಲೆ 9ಎಚ್ ಅಂತ ಬರೆದಿರುತ್ತಾರಲ್ಲ? ಗೀರು ಬೀಳುವುದೇ ಇಲ್ಲ ಅಂತಾರೆ.

ಉತ್ತರ: ಅದು ಪೆನ್ಸಿಲ್ ಗಡಸುತನದ ಅಳತೆ. ಬೇರೆ ಬೇರೆ ಗಡಸಿನ ಪೆನ್ಸಿಲ್ ಮೊನೆ ಒತ್ತಿ ಎಳೆದು ನೋಡುವ ಪರೀಕ್ಷೆ. ಖನಿಜಗಳ ಗಡಸುತನ ಹೇಳುವ, ವಜ್ರಕ್ಕೆ 10 ಅಂಕ ಕೊಡುವ ಮೋಸ್ ಅಳತೆಗೂ ಇದಕ್ಕೂ ಸಂಬಂಧವಿಲ್ಲ. ಪೆನ್ಸಿಲ್ಲಿಗೆ ಜಗ್ಗದ ಪದರ ಮರಳಿಗೆ ಜಗ್ಗುತ್ತದೆ. ಕಲ್ಲೇಟು ತಡೆಯಬೇಕಾದರೆ ಬೇಕಾಗುವುದು ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಅಂದರೆ ಪೇಂಟಿನ ಮೇಲೆ ಅಂಟಿಸುವ ಪಾರದರ್ಶಕ ಹಾಳೆ. ಅದು ಸುಮಾರು 150ರಿಂದ 200 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ದಪ್ಪ ಇರುತ್ತದೆ. ಸೀಲೆಂಟ್ ಪದರ ಅದರ ಮುಂದೆ ಏನೂ ಅಲ್ಲ.

ಪ್ರಶ್ನೆ: ಹಾಕುವ ಮೊದಲು ಏನು ಮಾಡಬೇಕು? ಸುಮ್ನೆ ತೊಳೆದು ಒಣಗಿಸಿದರೆ ಸಾಲದಾ?

ಉತ್ತರ: ಸಾಲದು. ಸೀಲೆಂಟ್ ಕೆಟ್ಟದು ಅಂತ ಬೈಯುವವರಲ್ಲಿ ಜಾಸ್ತಿ ಜನ ಇಲ್ಲೇ ಎಡವಿರುತ್ತಾರೆ. ತೊಳೆದು ಒಣಗಿಸಿದ ಬಾನೆಟ್ ಮೇಲೆ, ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಸವರಿ ನೋಡಿ. ತರಿತರಿ ಅನ್ನಿಸಿದರೆ ಪೇಂಟಿನಲ್ಲಿ ಏನೋ ಕಚ್ಚಿ ಕೂತಿದೆ. ಬ್ರೇಕ್ ಧೂಳಿನ ಕಬ್ಬಿಣದ ಕಣ, ಡಾಂಬರು, ಮರದ ಅಂಟು. ಕಬ್ಬಿಣಕ್ಕೆ ಐರನ್ ರಿಮೂವರ್ ಸಿಂಪಡಿಸಿ, ನೇರಳೆ ಬಣ್ಣ ಹರಿದರೆ ಅದು ಕೆಲಸ ಮಾಡುತ್ತಿದೆ ಅಂತ ಅರ್ಥ. ಒಣಗಲು ಬಿಡದೆ ತೊಳೆಯಿರಿ. ಆಮೇಲೂ ತರಿ ಉಳಿದರೆ ಕ್ಲೇ ಬಾರ್ (ಕಚ್ಚಿಕೊಂಡ ಕೊಳೆ ಎಳೆದು ತೆಗೆಯುವ ಜೇಡಿಯಂಥ ಮುದ್ದೆ) ಉಜ್ಜಿ, ಧಾರಾಳವಾಗಿ ಲ್ಯೂಬ್ (ಜಾರಲೆಂದು ಹಾಕುವ ದ್ರವ) ಹಾಕಿ, ಒತ್ತದೆ. ಕ್ಲೇ ಕೆಳಗೆ ಬಿದ್ದರೆ ಬಿಸಾಡಿ, ಜಿಪುಣತನ ಬೇಡ.

ಕಪ್ಪು ಬಣ್ಣದಲ್ಲಿ ಸುಳಿಸುಳಿ ಗೀರು ಎದ್ದು ಕಾಣುತ್ತವೆ. ಸೀಲೆಂಟ್ ಅವನ್ನು ಮುಚ್ಚುವುದಿಲ್ಲ, ಇದ್ದದ್ದನ್ನು ಇದ್ದ ಹಾಗೇ ಹಿಡಿದಿಡುತ್ತದೆ. ಅವು ಹೋಗಬೇಕಾದರೆ ಮೊದಲು ಪಾಲಿಶ್. ಆದರೆ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಇರುವುದೇ ಸುಮಾರು 40 ಮೈಕ್ರಾನ್, ಪ್ರತಿ ಪಾಲಿಶ್ ಅದರಲ್ಲಿ ಸ್ವಲ್ಪ ತಿನ್ನುತ್ತದೆ. ಕಣ್ಣಿಗೆ ಬಿದ್ದ ಪ್ರತಿ ಗೀರಿನ ಹಿಂದೆ ಓಡಬೇಡಿ. ಕೊನೆಗೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಎಣ್ಣೆ ತೆಗೆಯಲೆಂದೇ ಬರುವ ಪ್ಯಾನೆಲ್ ವೈಪ್‌ನಿಂದ ಒರೆಸಿ. ಪಾಲಿಶ್ ಎಣ್ಣೆ ಉಳಿದರೆ ಸೀಲೆಂಟ್ ಅಂಟುವುದಿಲ್ಲ.

ಹಾಕುವಾಗ ನೆರಳು ಬೇಕು, ತಗಡು ತಣ್ಣಗಿರಬೇಕು. ತೆಳುವಾಗಿ, ಹಚ್ಚಿದ್ದೇ ಕಾಣದಷ್ಟು ತೆಳುವಾಗಿ ಹಚ್ಚಿ. ದಪ್ಪ ಹಚ್ಚಿದರೆ ಜಾಸ್ತಿ ದಿನ ಬರುವುದಿಲ್ಲ, ಒರೆಸಲು ತೋಳು ನೋಯುತ್ತದೆ ಅಷ್ಟೇ. ಆಮೇಲೆ ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 12ರಿಂದ 24 ಗಂಟೆ, ನೀರು ತಾಗಿಸಬೇಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಸೀಲೆಂಟ್ ಮೇಲೆ ವ್ಯಾಕ್ಸ್ ಹಾಕಬಹುದಾ? ನನ್ನ ಕಾರಿನ ಬಂಪರಿಗೆ ಈಗಷ್ಟೇ ಹೊಸ ಪೇಂಟ್ ಹೊಡೆಸಿದ್ದೇನೆ, ಅದಕ್ಕೂ ಹಾಕಲಾ?

ಉತ್ತರ: ಸೀಲೆಂಟ್ ಪೂರ್ತಿ ಕೂತ ಮೇಲೆ ವ್ಯಾಕ್ಸ್ ಹಾಕಬಹುದು. ವ್ಯಾಕ್ಸ್ ಮೇಲೆ ಸೀಲೆಂಟ್ ಬೇಡ, ಅಂಟುವುದಿಲ್ಲ. ಬಂಪರಿಗೆ ಅವಸರ ಮಾಡಬೇಡಿ. ಕಾರ್ಖಾನೆಯ ಪೇಂಟ್ ಒಲೆಯಲ್ಲಿ ಬೆಂದು ಬಂದಿರುತ್ತದೆ, ಮತ್ತೆ ಹೊಡೆದ ಪೇಂಟಿನಿಂದ ಸಾಲ್ವೆಂಟ್ ಹೊರಹೋಗಲು ಸಮಯ ಬೇಕು. ಒಂದರಿಂದ ಮೂರು ತಿಂಗಳು ಕಾಯಿರಿ ಅನ್ನುವುದು ರೂಢಿ. ಪೇಂಟ್ ಹೊಡೆದವರನ್ನೇ ಕೇಳಿ, ಬಳಸಿದ ಪೇಂಟ್ ಯಾವುದೆಂದು ಅವರಿಗೆ ಗೊತ್ತಿರುತ್ತದೆ.

ಪ್ರಶ್ನೆ: ಹಾಕಿದ ಮೇಲೆ ನೀರು ಮುತ್ತಿನ ಹಾಗೆ ನಿಲ್ಲುವುದು ಕಡಿಮೆಯಾದರೆ ಸೀಲೆಂಟ್ ಹೋಯಿತು ಅಂತಾನಾ?

ಉತ್ತರ: ಯಾವಾಗಲೂ ಅಲ್ಲ. ಮೇಲೆ ಕೊಳೆ ಪದರ ಕೂತರೂ ಹಾಗೇ ಆಗುತ್ತದೆ. ಮೊದಲು ಒಳ್ಳೆಯ ಶಾಂಪೂ ಹಾಕಿ ತೊಳೆದು ನೋಡಿ. ಹನಿ ಮತ್ತೆ ನಿಂತರೆ ಸೀಲೆಂಟ್ ಇನ್ನೂ ಇದೆ. ಹನಿ ನಿಲ್ಲುವುದು ಚೆಂದ ಅಂತ ಅದನ್ನು ಬಿಸಿಲಲ್ಲಿ ಒಣಗಲು ಮಾತ್ರ ಬಿಡಬೇಡಿ. ಗಡಸು ನೀರಾದರೆ ಪ್ರತಿ ಹನಿಯೂ ಬಿಳಿ ಸುಣ್ಣದ ಉಂಗುರ ಬಿಟ್ಟು ಹೋಗುತ್ತದೆ, ಕಪ್ಪು ಕಾರಿನಲ್ಲಂತೂ ದೂರದಿಂದಲೇ ಕಾಣುತ್ತದೆ. ತೊಳೆದ ಕೂಡಲೇ ಮೈಕ್ರೋಫೈಬರ್ ಟವೆಲ್‌ನಿಂದ ಒತ್ತಿ ನೀರು ತೆಗೆಯಿರಿ.