‘ಮುನ್ಸೂಚನೆ’ ಎಂದರೆ ಗುರುತೋ, ಹೇಳಿಕೆಯೋ?

ಎಲ್ಲರಿಗೂ ನಮಸ್ಕಾರ.

“ದೊಡ್ಡ ಭೂಕಂಪಕ್ಕೆ ಮೊದಲು ಅಯಾನುಗೋಳದಲ್ಲಿ ಮುನ್ಸೂಚನೆ ಸಿಗುತ್ತದೆ.” ಲೇಖನವೊಂದನ್ನು ತಿದ್ದುವಾಗ ಈ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. (ಅಯಾನುಗೋಳ ಎಂದರೆ ವಾತಾವರಣದ ಮೇಲಿನ, ಬಿಡಿ ಎಲೆಕ್ಟ್ರಾನ್‌ಗಳು ತುಂಬಿರುವ ಪದರ.) ವ್ಯಾಕರಣ ಸರಿಯಾಗಿದೆ, ಅರ್ಥ ಮಾತ್ರ ಎರಡು ದೋಣಿಯಲ್ಲಿ ಕಾಲಿಟ್ಟಿದೆ.

ಹವಾಮಾನ ಮುನ್ಸೂಚನೆ ಎಂದರೆ ಯಾರೋ ಲೆಕ್ಕ ಹಾಕಿ ‘ನಾಳೆ ಮಳೆ’ ಎನ್ನುವುದು. ಮೋಡ ಕಪ್ಪಾದರೂ ಮಳೆಯ ಮುನ್ಸೂಚನೆ ಅಂತಲೇ ಬರೆಯುತ್ತೇವೆ. ಮೊದಲನೆಯದು ಹೇಳಿಕೆ, ಎರಡನೆಯದು ಬರೀ ಗುರುತು. ಮಳೆಗೆ ಇದು ನಡೆಯುತ್ತದೆ. ಭೂಕಂಪಕ್ಕೆ ನಡೆಯುವುದಿಲ್ಲ.

2011ರ ಮಾರ್ಚ್ 11ರ ಜಪಾನ್ ಭೂಕಂಪವನ್ನೇ ನೋಡಿ. ಜಿಪಿಎಸ್ ಸಂಕೇತ ಅಯಾನುಗೋಳ ದಾಟಿ ಬರುವಾಗ ಚೂರು ತಡವಾಗುತ್ತದೆ. ಆ ತಡದಿಂದ ದಾರಿಯಲ್ಲಿ ಎಷ್ಟು ಎಲೆಕ್ಟ್ರಾನ್‌ಗಳಿವೆ ಎಂದು ತಿಳಿಯುತ್ತದೆ. ಭೂಕಂಪಕ್ಕೆ ಸುಮಾರು 40 ನಿಮಿಷ ಮೊದಲೇ ಅವು ಜಾಸ್ತಿಯಾಗಿದ್ದವು ಎಂದು ಜಪಾನಿನ ವಿಜ್ಞಾನಿ ಕೊಸುಕೆ ಹೆಕಿ ಬರೆದರು. ಇಲ್ಲ, ಆಮೇಲೆ ಇಳಿದಿದ್ದರಿಂದ ಮೊದಲು ಏರಿದಂತೆ ಕಾಣುತ್ತಿದೆ ಅಷ್ಟೇ ಎಂದರು ಬೇರೆಯವರು. ಇಡೀ ಜಗಳ ಗುರುತಿನ ಬಗ್ಗೆ. ಲೆಕ್ಕ ಮಾಡಿದ್ದೇ ಎಲ್ಲ ಮುಗಿದ ಮೇಲೆ. ‘ಮುನ್ಸೂಚನೆ ಇತ್ತು’ ಎಂದು ಓದಿದವರು, ಯಾರೋ ಎಚ್ಚರಿಸಿದ್ದರು, ಯಾರೂ ಕೇಳಲಿಲ್ಲ ಅಂದುಕೊಳ್ಳುತ್ತಾರೆ, ಅಲ್ವಾ?

ಭೂಕಂಪದ ನಂತರ ಆಗುವುದರ ಬಗ್ಗೆ ಇಂಥ ತಕರಾರಿಲ್ಲ. ನೆಲ, ಕಡಲು ದಿಢೀರನೆ ಎದ್ದಾಗ ಮೇಲಿನ ಗಾಳಿಯನ್ನೂ ತಳ್ಳುತ್ತವೆ. ಆ ಅಲೆ ಹತ್ತು ನಿಮಿಷದ ಆಸುಪಾಸಿನಲ್ಲಿ ಅಯಾನುಗೋಳ ಮುಟ್ಟುತ್ತದೆ. ಗಾಳಿ ತೆಳುವಾದಷ್ಟೂ ಅಲೆ ಹಿಗ್ಗುತ್ತದೆ. 1964ರ ಅಲಾಸ್ಕಾ ಭೂಕಂಪದಲ್ಲೇ ಇದು ಕಂಡಿತ್ತು. ನಮ್ಮ ಲೇಖಕರು ಇದನ್ನೂ ‘ಮುನ್ಸೂಚನೆ’ಯ ಬುಟ್ಟಿಗೇ ಹಾಕಿದ್ದಾರೆ! ‘ಮರುನಡುಕ’ ಎಂದು ತಿದ್ದಿ, ಹೊಡೆದುಹಾಕಿದೆ. ಅದು ನೆಲವೇ ಮತ್ತೆ ನಡುಗಿದಂತೆ ಕೇಳುತ್ತದೆ. ಸದ್ಯಕ್ಕೆ ‘ಅಯಾನುಗೋಳದ ತಲ್ಲಣ’ ಎಂದಿಟ್ಟಿದ್ದೇನೆ.

ಒಂದು ಕಡೆ ಅವರು ‘ಅಯನಗೋಳ’ ಎಂದೂ ಬರೆದಿದ್ದರು. ನಕ್ಕು ತಿದ್ದಿದೆ. ಆಮೇಲೆ ನೋಡಿದರೆ ಗ್ರೀಕಿನ ‘ಅಯಾನ್’ ಎಂದರೂ ಹೋಗುವಂಥದ್ದು, ನಮ್ಮ ‘ಅಯನ’ ಎಂದರೂ ಹೋಗುವುದೇ. ಎರಡಕ್ಕೂ ಮೂಲ ಒಂದೇ. ನಗಬಾರದಿತ್ತು.

ಈಗ ಪ್ರಶ್ನೆ. ಮೊದಲು ಕಾಣುವ ಗುರುತಿಗೆ ಏನನ್ನೋಣ? ‘ಶಕುನ’ ಅಂದರೆ ಸೀದಾ ಜ್ಯೋತಿಷ್ಯಕ್ಕೆ ಹೋಗುತ್ತದೆ. ‘ಸುಳಿವು’ ಚೆನ್ನಾಗಿದೆ, ಆದರೆ ‘ಮೊದಲು’ ಎಂಬುದು ಅದರಲ್ಲಿ ಇಲ್ಲ. ನನ್ನ ಒಲವು ‘ಮುಂಗುರುತು’ ಕಡೆಗೆ. ‘ಮುನ್ಸೂಚನೆ’ಯನ್ನು ಹೇಳಿಕೆಗೇ ಬಿಟ್ಟುಬಿಡೋಣ ಅಂತ. ‘ಮುಂಗುರುತು’ ಎಲ್ಲಾದರೂ ಬೇರೆ ಅರ್ಥದಲ್ಲಿ ಬಳಕೆಯಲ್ಲಿದೆಯೇ? ಕಂಡವರು ತಿಳಿಸಿ.