ನ್ಯೂ ಆರ್ಲಿಯನ್ಸಿನ ಟೇಲ್ಸ್ ಆಫ್ ದ ಕಾಕ್‌ಟೇಲ್‌ಗೆ ಸ್ವಂತ ದುಡ್ಡಲ್ಲಿ ಹೋಗೋದು ವರ್ತಾ? ಹೋಗಿ ಬಂದೋರು ಹೇಳ್ರಪ್ಪ

ಶೇಕರ್‌ಮಂಜ:
ಎಲ್ರಿಗೂ ನಮಸ್ಕಾರ. ಬೆಂಗಳೂರಲ್ಲಿ ಒಂದು ಕಾಕ್‌ಟೇಲ್ ಬಾರಲ್ಲಿದೀನಿ, ಬಾರ್‌ಬ್ಯಾಕ್ ಆಗಿ ಐಸ್ ಹೊತ್ಕೊಂಡು ಶುರು ಮಾಡಿದ್ದು, ಈಗ ಕೌಂಟರ್ ಹಿಂದೆ ನಿಲ್ಲಿಸಿದಾರೆ. ಬರೋ ಜುಲೈಗೆ ಟೇಲ್ಸ್‌ಗೆ, ಅಂದ್ರೆ ಬಾರ್ ಕೆಲಸದವರೆಲ್ಲ ಸೇರೋ ಆ ಸಮಾವೇಶಕ್ಕೆ, ಹೋಗ್ಬೇಕು ಅಂತ ಭಾರಿ ಆಸೆ. ಓನರು ರಜೆ ಬೇಕಾದ್ರೆ ತಗೋ ದುಡ್ಡು ಮಾತ್ರ ಕೇಳ್ಬೇಡ ಅಂದ್ರು. ಫ್ಲೈಟು, ರೂಮು, ವೀಸಾ, ಟಿಕೆಟ್ ಎಲ್ಲ ಕೂಡಿಸಿದ್ರೆ ಒಂದು ಒಳ್ಳೆ ಬೈಕೇ ಬರತ್ತೆ. ಮನೇಲಿ ಹೇಳಿದ್ರೆ ನಮ್ಮಪ್ಪ ಎಣ್ಣೆ ಕಲ್ಸೋದ್ ಕಲಿಯೋಕೆ ಅಮೆರಿಕಾ ಯಾಕೋ ಮೆಜೆಸ್ಟಿಕ್ ಸಾಲಲ್ವಾ ಅಂತಾರೆ.

ಕೇಳ್ಬೇಕಿರೋದು ಇಷ್ಟೇ. ಸೆಮಿನಾರುಗಳಲ್ಲಿ ನಿಜವಾಗ್ಲೂ ಏನಾದ್ರೂ ಹೇಳ್ಕೊಡ್ತಾರಾ ಇಲ್ಲ ಬರೀ ಬ್ರಾಂಡ್‌ನವರ ಜಾಹೀರಾತಾ? ಬೆಳಗ್ಗಿಂದ ರಾತ್ರಿವರೆಗೂ ಟೇಸ್ಟಿಂಗ್ ಅಂತಾರಲ್ಲ ಅದನ್ನ ತಡ್ಕೊಳ್ಳೋದು ಹೆಂಗೆ? ಆಮೇಲೆ ವೀಸಾ ಇಂಟರ್ವ್ಯೂನಲ್ಲಿ ಏನಂತ ಹೇಳೋದು?

ಹ್ಯೂಸ್ಟನ್‌ಅಕ್ಕ:
ಮಂಜು, ನಾನು ಹ್ಯೂಸ್ಟನ್ನಲ್ಲಿ ಒಂದು ಹೋಟೆಲ್ ಬಾರಲ್ಲಿ ಕೆಲಸ ಮಾಡೋದು, ಇಲ್ಲಿಂದ ಕಾರಲ್ಲಿ ಐದಾರು ಗಂಟೆ ಅಷ್ಟೇ, ಹಂಗಾಗಿ ಹೋಗ್ತಾ ಇರ್ತೀನಿ. ನನಗೆ ಬೀಳೋ ಖರ್ಚು ಬೇರೆ ನಿನಗೆ ಬೀಳೋದು ಬೇರೆ, ಅದನ್ನ ತಲೇಲಿಟ್ಕೊಂಡು ಓದು.

2002ರಲ್ಲಿ ಆನ್ ಟ್ಯೂನರ್‌ಮನ್ ಅನ್ನೋರು ಊರಿನ ಹಳೇ ಬಾರುಗಳನ್ನ ತೋರಿಸೋ ವಾಕಿಂಗ್ ಟೂರ್ ಅಂತ ಇದನ್ನ ಶುರು ಮಾಡಿದ್ದು, ಈಗ ಒಂದು ಫೌಂಡೇಶನ್ ನಡೆಸತ್ತೆ. ಮೊದಲೆಲ್ಲ ರಾಯಲ್ ಸ್ಟ್ರೀಟಿನ ಮಾಂಟೆಲಿಯೋನ್ ಹೋಟೆಲ್ಲೇ ಇದರ ಮನೆ ಇದ್ದಂಗಿತ್ತು, 2022ರಿಂದ ಕೆನಾಲ್ ಸ್ಟ್ರೀಟಿನ ರಿಟ್ಜ್ ಕಾರ್ಲ್‌ಟನ್‌ಗೆ ಬಂದಿದೆ. ಸೆಮಿನಾರ್ ವಿಷಯಕ್ಕೆ ಬಂದ್ರೆ, ಕೆಲವು ಶುದ್ಧ ಬ್ರಾಂಡ್ ಭಜನೆನೇ, ಎದ್ದು ಬರೋಣ ಅನ್ಸತ್ತೆ. ಆದ್ರೆ ಫರ್ಮೆಂಟೇಶನ್ನು, ಐಸು, ಬಾರಿನ ಲೆಕ್ಕಪತ್ರ, ಸ್ಟಾಫ್ ಆರೋಗ್ಯ ಇಂಥ ವಿಷಯ ಇಟ್ಕೊಂಡು ಮಾತಾಡೋರು ಸಿಗ್ತಾರಲ್ಲ ಅವರ ಹತ್ರ ಕೂತ್ರೆ ನೋಟ್‌ಬುಕ್ ತುಂಬತ್ತೆ. ವಿಷಯ ನೋಡೋಕಿಂತ ಮೊದಲು ಮಾತಾಡೋರು ಯಾರು, ಅವರಿಗೆ ಸಂಬಳ ಕೊಡೋರು ಯಾರು ಅಂತ ನೋಡು, ಅಲ್ಲೇ ಅರ್ಧ ಗೊತ್ತಾಗೋಗತ್ತೆ. ದಿನಕ್ಕೆ ಎರಡು ಸಾಕು, ಎಲ್ಲಾದಕ್ಕೂ ಓಡಿದ್ರೆ ಯಾವುದೂ ತಲೆಗೆ ಹತ್ತಲ್ಲ.

ಈಗ ಟೇಸ್ಟಿಂಗ್. ಕುರ್ಚಿ ಮುಂದೆ ಕಾಗದದ ಮ್ಯಾಟ್ ಮೇಲೆ ಪುಟ್ಟ ಪ್ಲಾಸ್ಟಿಕ್ ಕಪ್ಪುಗಳು ಸಾಲಾಗಿ ಇಟ್ಟಿರ್ತಾರೆ, ನೋಡಿದ್ರೆ ಇದೇನು ನಾಲಿಗೆ ನೆನೆಯೋಕೂ ಸಾಲಲ್ಲ ಅನ್ಸತ್ತೆ. ಕಪ್ಪಿಗೆ 15 ಎಂಎಲ್ ಅಂತ ಹಿಡಿ. ಎರಡು ಸೆಮಿನಾರು ಆಮೇಲೆ ಟೇಸ್ಟಿಂಗ್ ರೂಮು ಸೇರಿ ಇಪ್ಪತ್ತು ಕಪ್ ಆಯ್ತು ಅಂದ್ರೆ 300 ಎಂಎಲ್, ನಮ್ಮೂರ ಲೆಕ್ಕದಲ್ಲಿ ಹತ್ತು ಸ್ಮಾಲ್, ಅದೂ ಸಂಜೆ ಆಗೋಕ್ ಮುಂಚೆ. ಅದಕ್ಕೇ ಎಲ್ಲಾನೂ ಉಗಿ. ನಾಲಿಗೆ ಮೇಲೆ ಆಡಿಸು, ವಾಸನೆ ತಗೋ, ಕಪ್ಪಿಗೆ ಉಗಿ, ಬರ್ಕೋ. ನಾಚ್ಕೋಬೇಡ, ಅಲ್ಲಿ ದೊಡ್ಡ ದೊಡ್ಡೋರೆಲ್ಲ ಉಗೀತಾರೆ, ಉಗೀದೇ ಇರೋನು ಮೊದಲ ಸಲ ಬಂದಿರೋನು ಅಂತ ಎಲ್ರಿಗೂ ಗೊತ್ತಾಗತ್ತೆ. ಬೆಳಗ್ಗೆ ಹೊಟ್ಟೆ ತುಂಬ ತಿಂದು ಹೋಗು. ಕೆಫೆ ದು ಮೋಂಡ್‌ನಲ್ಲಿ ಬೆನ್ಯೇ ಅಂತ ಸಕ್ಕರೆಪುಡಿ ಸುರಿದ ಕರಿದ ತಿಂಡಿ ಕೊಡ್ತಾರೆ, ರುಚಿ ಏನೋ ಚೆನ್ನಾಗಿದೆ ಆದ್ರೆ ಅದನ್ನ ನಂಬ್ಕೊಂಡು ಟೇಸ್ಟಿಂಗ್‌ಗೆ ಹೋಗ್ಬೇಡ.

ನಿನ್ನ ವಯಸ್ಸಿಗೆ ನಾನು ಹೇಳೋದು ಟೇಲ್ಸ್‌ನವರ ಅಪ್ರೆಂಟಿಸ್ ಪ್ರೋಗ್ರಾಂಗೆ ಅರ್ಜಿ ಹಾಕು ಅಂತ. ಸೆಮಿನಾರಲ್ಲಿ ಬರೋ ಆ ಕಪ್ಪುಗಳನ್ನೆಲ್ಲ ಹಿಂದಿನ ರೂಮಲ್ಲಿ ತಯಾರು ಮಾಡೋದು ಅವರೇ. ನಿಂಬೆ ಹಿಂಡಿ ಹಿಂಡಿ ಕೈ ಉರಿಯತ್ತೆ, ಆದ್ರೆ ನೂರಾರು ಜನಕ್ಕೆ ಒಂದೇ ರುಚಿ ಬರೋ ಹಂಗೆ ಒಟ್ಟಿಗೆ ಕಲ್ಸಿ ಬ್ಯಾಚ್ ಮಾಡೋದು ಕಲೀತೀಯ. ಸ್ಟರ್ ಮಾಡಿದ, ಅಂದ್ರೆ ಐಸ್ ಜೊತೆ ಚಮಚದಲ್ಲಿ ತಿರುಗಿಸಿದ ಡ್ರಿಂಕಲ್ಲಿ ಸುಮಾರು ಐದನೇ ಒಂದು ಪಾಲು ಐಸ್ ಕರಗಿದ ನೀರೇ ಇರತ್ತೆ, ಬಕೆಟಲ್ಲಿ ಬ್ಯಾಚ್ ಮಾಡುವಾಗ ಐಸೇ ಇರಲ್ಲ, ಹಂಗಾಗಿ ಆ ನೀರನ್ನ ಅಳೆದು ಹಾಕ್ಬೇಕು, ಹಾಕದೇ ಬಿಟ್ರೆ ಗಂಟಲು ಸುಡತ್ತೆ. ಮೇಲಾಗಿ ಜೊತೇಲಿ ನಿಂಬೆ ಹಿಂಡಿದೋರು ಜೀವನ ಪೂರ್ತಿ ಫೋನ್ ಎತ್ತುತಾರೆ. ನಿನ್ನ ವೀಸಾದಲ್ಲಿ ಇದು ನಡಿಯತ್ತಾ ಅಂತ ಮಾತ್ರ ಅರ್ಜಿ ಹಾಕೋಕೆ ಮುಂಚೆ ಅವರನ್ನೇ ಕೇಳ್ಕೋ.

ಹುಬ್ಳಿ_ಆನ್_ದ_ರಾಕ್ಸ್:
ಅಕ್ಕಾರು ಹೇಳಿದ್ದು ಖರೆ ಐತಿ, ಆದ್ರ ರೊಕ್ಕದ ಮಾತು ಯಾರೂ ಆಡವಲ್ರು. ತಮ್ಮಾ, ಸಾಲಾ ಮಾಡಿ ಅಂತೂ ಹೋಗಬ್ಯಾಡ. ನಾ ಈಗ ಪುಣೆದಾಗ ಬಾರ್ ಮ್ಯಾನೇಜರ್ ಅದೀನಿ, ನನ್ನ ಕೈಯಾಗ ಕೆಲಸಕ್ಕ ಬರೂ ಹುಡುಗರ ಬಯೋಡೇಟಾದಾಗ ಯಾವ ಸಮಾವೇಶಕ್ಕ ಹೋಗಿದ್ದಿ ಅಂತ ನಾ ನೋಡೂದಿಲ್ಲ, ಒಂದು ಡೈಕಿರಿ (ರಮ್, ನಿಂಬಿ, ಸಕ್ರಿ ಹಾಕಿದ ಕಾಕ್‌ಟೇಲ್) ಮಾಡಿ ತೋರ್ಸು ಅಂತೀನಿ ಅಷ್ಟ. ಮಂದಿ ರೊಕ್ಕದಾಗ ಹೋಗೂ ದಾರಿ ನೋಡು ಮೊದಲ. ಡಿಯಾಜಿಯೋ ಅನ್ನೂ ದೊಡ್ಡ ಲಿಕ್ಕರ್ ಕಂಪನಿದವ್ರ ವರ್ಲ್ಡ್ ಕ್ಲಾಸ್ ಕಾಂಪಿಟೇಶನ್ ಐತಲ್ಲ, ಅದರಾಗ ಇಂಡಿಯಾ ಗೆದ್ದಾಂವ ಗ್ಲೋಬಲ್ ಫೈನಲ್‌ಗೆ ಹೋಗ್ತಾನ. ಗೆಲ್ಲದಿದ್ರೂ ತಯಾರಿ ಮಾಡೂದ್ರಾಗ ಕಲಿಯೂದು ಬಾಳ ಐತಿ. ಹೋಗಬೇಕ ಅಂತಿದ್ರ ಬರ್ಲಿನ್ನಿನ ಬಾರ್ ಕಾನ್ವೆಂಟೂ ಒಮ್ಮೆ ನೋಡು, 2007ರಿಂದ ನಡದೈತಿ, ಅಕ್ಟೋಬರ್‌ದಾಗ. ಅದು ಪಕ್ಕಾ ಧಂದೆದವ್ರ ಜಾತ್ರಿ, ಒಂದ ಕಡೆ ಎಲ್ಲಾ ಸ್ಟಾಲ್, ಬಿಸಿಲಿಲ್ಲ ಮಳಿ ಇಲ್ಲ, ಕೆಲಸ ಮುಗಿಸಿ ಹೊಳ್ಳಿ ಬರಬಹುದು. ನ್ಯೂ ಆರ್ಲಿಯನ್ಸ್‌ಗೆ ಹೋದ್ರ ಊರಾ ನಿನ್ನ ಬಿಡೂದಿಲ್ಲ, ಅದ ತ್ರಾಸು.

ಹ್ಯೂಸ್ಟನ್‌ಅಕ್ಕ:
ಹುಬ್ಳಿಯವ್ರೆ, ಊರು ಬಿಡಲ್ಲ ಅಂದ್ರಲ್ಲ, ಆ ಊರಿಗೋಸ್ಕರವೇ ನಾನು ಅಲ್ಲಿಗೆ ಹೋಗು ಅನ್ನೋದು. ಸ್ಯಾಜರಾಕ್ ಅನ್ನೋ ಆ ಊರಿನ ಹಳೇ ಕಾಕ್‌ಟೇಲ್ ಬಗ್ಗೆ ಯೂಟ್ಯೂಬಲ್ಲಿ ನೂರು ವಿಡಿಯೋ ನೋಡಬಹುದು. ಪೇಶೋ ಅನ್ನೋ ಔಷಧಿ ಅಂಗಡಿಯವನು ತನ್ನ ಬಿಟರ್ಸ್ (ಹನಿ ಹನಿ ಹಾಕೋ ಕಹಿ ಗಿಡಮೂಲಿಕೆ ರಸ) ಮಾರ್ತಿದ್ದ ಬೀದೀಲೇ ನಡ್ಕೊಂಡು ಹೋಗಿ ರೂಸ್‌ವೆಲ್ಟ್ ಹೋಟೆಲ್ಲಿನ ಬಾರಲ್ಲಿ ಅದನ್ನ ಮಾಡೋದು ನೋಡಿದ್ರೆ ಬೇರೇನೇ. ಒಂದು ಗ್ಲಾಸ್ ತಣ್ಣಗೆ ಇಟ್ಟಿರ್ತಾರೆ, ಇನ್ನೊಂದರಲ್ಲಿ ಸಕ್ಕರೆ, ಬಿಟರ್ಸ್, ರೈ ವಿಸ್ಕಿ ಸ್ಟರ್ ಮಾಡ್ತಾರೆ, ತಣ್ಣಗಿರೋ ಗ್ಲಾಸಿಗೆ ಹರ್ಬ್‌ಸೇಂಟ್ ಅನ್ನೋ ಸೋಂಪಿನ ವಾಸನೆಯ ಮದ್ಯ ಒಂಚೂರು ಹಾಕಿ ಸುತ್ತ ಹೊರಳಿಸಿ ಚೆಲ್ಲಿಬಿಡ್ತಾರೆ, ಅದರೊಳಗೆ ಡ್ರಿಂಕ್ ಸೋಸಿ ನಿಂಬೆ ಸಿಪ್ಪೆ ಹಿಂಡ್ತಾರೆ, ಅಷ್ಟೇ. ಕೊಡೋ ಗ್ಲಾಸಲ್ಲಿ ಐಸ್ ಇಲ್ಲ. ಅಮೆರಿಕಾದಲ್ಲಿ 1912ರಲ್ಲಿ ಆಬ್ಸಿಂತ್ ಅನ್ನೋ ಅಂಥದ್ದೇ ಮದ್ಯ ಬ್ಯಾನ್ ಆಗಿದ್ದಕ್ಕೇ ಆಮೇಲೆ ಅದರ ಜಾಗಕ್ಕೆ ಈ ಹರ್ಬ್‌ಸೇಂಟ್ ಬಂದಿದ್ದು, 2007ರಲ್ಲಿ ಬ್ಯಾನ್ ಹೋದ್ರೂ ಊರಿನವರು ಇದನ್ನ ಬಿಟ್ಟಿಲ್ಲ. ಮಾಂಟೆಲಿಯೋನ್‌ನಲ್ಲಿ ತಿರುಗೋ ಬಾರಿದೆ, 25 ಸೀಟು, ಒಂದು ಸುತ್ತಿಗೆ ಕಾಲು ಗಂಟೆ, ಟೇಲ್ಸ್ ಟೈಮಲ್ಲಿ ಸೀಟ್ ಸಿಗೋದು ಕಷ್ಟ, ಮಧ್ಯಾಹ್ನ ಬೇಗ ಹೋಗು.

ಕುಡ್ಲದ_ಕಾಪರ್_ಸ್ಟಿಲ್:
ಎಲ್ಲ ಸರಿ ಮಾರಾಯ್ರೆ, ಆದರೆ ಹುಡುಗ ಅಲ್ಲಿಗೆ ಹೋಗಿ ಬರೀ ಕೇಳಿಕೊಂಡು ಬರುವುದಾ? ನಾನು ಲಿಕ್ಕರ್ ಸೇಲ್ಸಲ್ಲಿ ಇರುವವ, ಇಂಥ ಕಡೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ, ನಿಮ್ಮೂರಲ್ಲಿ ಎಂತ ಉಂಟು ಅಂತ. ಬಾಯಿ ಬಿಡಲಿಕ್ಕೆ ಗೊತ್ತಿರಬೇಕು. ಅಮೃತ್‌ನವರು ಬೆಂಗಳೂರಲ್ಲಿ ಮಾಡಿದ ಸಿಂಗಲ್ ಮಾಲ್ಟ್ ವಿಸ್ಕಿಯನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದೇ ಗ್ಲಾಸ್ಗೋದಲ್ಲಿ, ಅದು ಗೊತ್ತುಂಟಾ? ಸ್ಕಾಟ್ಲೆಂಡಲ್ಲಿ ವರ್ಷಕ್ಕೆ ಪೀಪಾಯಿಯಿಂದ ಆವಿಯಾಗಿ ಹೋಗುವುದು ಸುಮಾರು 2 ಪರ್ಸೆಂಟ್, ಬೆಂಗಳೂರಲ್ಲಿ 10ಕ್ಕೂ ಮೇಲೆ. ಹಾಗಾಗಿ ನಮ್ಮಲ್ಲಿ ವಿಸ್ಕಿ ಬೇಗ ಹಣ್ಣಾಗ್ತದೆ, ಹನ್ನೆರಡು ವರ್ಷ ಇಟ್ಟರೆ ಪೀಪಾಯಿಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಇದನ್ನು ಚಂದದಲ್ಲಿ ಹೇಳಿದರೆ ಅಲ್ಲಿಯವರು ಕಿವಿ ಕೊಟ್ಟು ಕೇಳ್ತಾರೆ. ಗೋವಾದ ಫೆನಿಗೆ 2009ರಲ್ಲಿ ಜಿಐ (ಆ ಊರಿನದ್ದೇ ಅಂತ ಹೇಳುವ ಭೌಗೋಳಿಕ ಗುರುತು) ಸಿಕ್ಕಿದ್ದು, ನಮ್ಮ ರಾಜ್ಯದಲ್ಲಿ 2007ರಲ್ಲಿ ಸಾರಾಯಿ ನಿಲ್ಲಿಸಿದ್ದು, ಇದೆಲ್ಲ ಎರಡೆರಡು ಮಾತಲ್ಲಿ ಹೇಳಲಿಕ್ಕೆ ಬರಬೇಕು. ಕೊಡಗಿನ ಕಾಚಂಪುಳಿ ಒಂದು ಸಣ್ಣ ಬಾಟ್ಲಿ ತಗೊಂಡು ಹೋಗು, ಕಪ್ಪಗೆ ದಪ್ಪಗೆ ಇರುವ ಆ ಹುಳಿ ನಾಲ್ಕು ಹನಿ ಹಾಕಿ ಯಾರಿಗಾದರೂ ಒಂದು ಸವರ್ (ಹುಳಿ ಕಾಕ್‌ಟೇಲ್) ಕುಡಿಸಿದರೆ ವಿಸಿಟಿಂಗ್ ಕಾರ್ಡ್ ಬೇಡ ನಿನಗೆ. ಏರ್‌ಪೋರ್ಟಲ್ಲಿ ಮಾತ್ರ ಕಸ್ಟಮ್ಸ್‌ಗೆ ತಿನ್ನುವ ವಸ್ತು ಉಂಟು ಅಂತ ಡಿಕ್ಲೇರ್ ಮಾಡು.

ಶೇಕರ್‌ಮಂಜ:
ಕಾಚಂಪುಳಿ ಐಡಿಯಾ ಸೂಪರ್ ಸರ್, ಮಡಿಕೇರಿ ಫ್ರೆಂಡ್‌ಗೆ ಈಗ್ಲೇ ಮೆಸೇಜ್ ಹಾಕಿದೆ. ಹುಬ್ಳಿ ಅಣ್ಣಾ, ಸಾಲ ಮಾಡಲ್ಲ, ಚೀಟಿ ಎತ್ತೋದಿದೆ. ಅಪ್ರೆಂಟಿಸ್‌ಗೆ ಅರ್ಜಿ ಹಾಕ್ತೀನಿ, ಸಿಗ್ಲಿಲ್ಲ ಅಂದ್ರೆ ಮುಂದಿನ ವರ್ಷ ನೋಡೋಣ. ಅಕ್ಕ, ವೀಸಾ?

ಹ್ಯೂಸ್ಟನ್‌ಅಕ್ಕ:
ಸಮಾವೇಶಕ್ಕೆ ಅಂತ ಇದ್ದಿದ್ದನ್ನ ಇದ್ದಂಗೆ ಹೇಳು, ಬಿ1 ಅನ್ನೋ ಬಿಸಿನೆಸ್ ವಿಸಿಟರ್ ವೀಸಾ ಇರೋದೇ ಇಂಥದ್ದಕ್ಕೆ. ಅದರಲ್ಲಿ ಬಂದು ಇಲ್ಲಿಯ ಬಾರಲ್ಲಿ ಶಿಫ್ಟ್ ಮಾಡಿ ಸಂಬಳ ತಗೊಳ್ಳೋ ಹಂಗಿಲ್ಲ, ಯಾರಾದ್ರೂ ಗೆಸ್ಟ್ ಶಿಫ್ಟ್ ಅಂತ ಕರೆದ್ರೂ ಮೊದಲು ವಿಚಾರಿಸು. ಅಪಾಯಿಂಟ್‌ಮೆಂಟ್ ತಡ ಆಗತ್ತೆ, ಫ್ಲೈಟ್ ಬುಕ್ ಮಾಡೋಕೆ ಮೊದಲು ಅದನ್ನ ಮುಗಿಸ್ಕೋ. ಓನರ್ ಹತ್ರ ಲೆಟರ್‌ಹೆಡ್‌ನಲ್ಲಿ ರಜೆ ಪತ್ರ ಬರೆಸ್ಕೋ, ದುಡ್ಡಂತೂ ಕೊಡಲ್ಲ ಸಹಿನಾದ್ರೂ ಹಾಕ್ಲಿ.

ಫ್ರೆಂಚ್ ಕ್ವಾರ್ಟರಲ್ಲಿ ಪ್ಲಾಸ್ಟಿಕ್ ಕಪ್ಪಲ್ಲಿ ಡ್ರಿಂಕ್ ಹಿಡ್ಕೊಂಡು ಬೀದೀಲಿ ಓಡಾಡಬಹುದು, ಗಾಜಿನ ಗ್ಲಾಸ್ ಮಾತ್ರ ಆಗಲ್ಲ. ಜುಲೈನಲ್ಲಿ ಮಂಗಳೂರಿನ ಮೇ ತಿಂಗಳ ಸೆಕೆ, ಮಧ್ಯಾಹ್ನ ಗುಡುಗು ಮಳೆ, ಎರಡು ಜೊತೆ ಶೂ ತಾ. ವಾಪಸ್ ಬರುವಾಗ 70 ಪರ್ಸೆಂಟ್‌ಗಿಂತ ಸ್ಟ್ರಾಂಗ್ ಇರೋ ಬಾಟ್ಲಿ ಚೆಕ್‌ಇನ್ ಬ್ಯಾಗಲ್ಲೂ ಬಿಡಲ್ಲ, ಅಂದ್ರೆ 151 ಪ್ರೂಫ್ ರಮ್ಮು (75.5 ಪರ್ಸೆಂಟ್) ಅಂಥದ್ದೆಲ್ಲ ಅಂಗಡೀಲೇ ನೋಡಿ ಖುಷಿಪಡು. ಇಂಡಿಯಾಗೆ ಡ್ಯೂಟಿ ಇಲ್ದೆ ಎರಡೇ ಲೀಟರ್.

ಹುಬ್ಳಿ_ಆನ್_ದ_ರಾಕ್ಸ್:
ಎರಡು ಲೀಟರ್‌ದಾಗ ಒಂದು ಹರ್ಬ್‌ಸೇಂಟ್ ನನಗ. ರೊಕ್ಕಾ ಕೊಡ್ತೀನ್ಲೇ.